ದಾಳ, ರಕ್ಕಸ ಮತ್ತು ಗಣಕಯಂತ್ರ

ಆಟಗಳು ಹಲವು ವಿಧ. ಕಬಡ್ಡಿಯಂಥವು ಮೈ ದಣಿಸುವ ಆಟಗಳು. ಚದುರಂಗದಂಥವು ಬುದ್ಧಿ ದಣಿಸುವ ಆಟಗಳು. ಬಾಯಿ ದಣಿಸುವ ಆಟವೂ ಒಂದುಂಟು. ಮೇಜಿನ ಸುತ್ತ ನಾಲ್ಕೈದು ಮಂದಿ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿಕೊಂಡು, ಮಾತಿನಲ್ಲೇ ಕಾಡು ಹೊಕ್ಕು, ಮಾತಿನಲ್ಲೇ ಗುಹೆ ಇಳಿದು, ರಕ್ಕಸರೊಡನೆ ಹೋರಾಡುವ ಆಟ ಅದು. ಇಂಗ್ಲಿಷಿನಲ್ಲಿ ಅದನ್ನು ರೋಲ್ ಪ್ಲೇಯಿಂಗ್ ಗೇಮ್ ಎನ್ನುತ್ತಾರೆ. ಪಾತ್ರ ವಹಿಸುವ ಆಟ ಎಂದು ನಾವು ಕರೆಯೋಣ. ಅವುಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು ಅಮೆರಿಕದ ‘ಡಂಜನ್ಸ್ ಆಂಡ್ ಡ್ರಾಗನ್ಸ್’.

ಕಾಸರಗೋಡಿನ ನಮಗೆ ಇದನ್ನು ವಿವರಿಸುವುದು ಕಷ್ಟವಲ್ಲ; ನಮ್ಮಲ್ಲಿ ತಾಳಮದ್ದಳೆ ಇದೆ. ವೇಷವಿಲ್ಲ, ಕುಣಿತವಿಲ್ಲ. ಎದುರು ಬದುರು ಕುಳಿತ ಅರ್ಥಧಾರಿಗಳಲ್ಲಿ ಒಬ್ಬರು ಕರ್ಣ, ಇನ್ನೊಬ್ಬರು ಕೃಷ್ಣ. ಮಾತು ಯಾರೂ ಬರೆದು ಕೊಟ್ಟದ್ದಲ್ಲ, ಆ ಕ್ಷಣಕ್ಕೆ ಹುಟ್ಟುವಂಥದ್ದು. ಭಾಗವತರು ಪದ ಹೇಳಿ ಪ್ರಸಂಗವನ್ನು ಮುಂದಕ್ಕೆ ನಡೆಸುತ್ತಾರೆ. ಅಮೆರಿಕದ ಆಟದಲ್ಲಿಯೂ ಭಾಗವತರಂಥ ಒಬ್ಬ ಸೂತ್ರಧಾರನಿರುತ್ತಾನೆ. ‘ಡಂಜನ್ ಮಾಸ್ಟರ್’ ಎಂದು ಅವನ ಹೆಸರು. ವ್ಯತ್ಯಾಸ ಒಂದೇ, ಆದರೆ ದೊಡ್ಡದು. ತಾಳಮದ್ದಳೆಯಲ್ಲಿ ಕರ್ಣ ಎಷ್ಟೇ ಚೆನ್ನಾಗಿ ಮಾತಾಡಲಿ, ಕೊನೆಗೆ ಬೀಳುವವನು ಅವನೇ; ಪ್ರಸಂಗದ ಅಂತ್ಯ ಮೊದಲೇ ಗೊತ್ತು. ಈ ಆಟದಲ್ಲಿ ಅಂತ್ಯ ಸೂತ್ರಧಾರನಿಗೂ ಗೊತ್ತಿಲ್ಲ. ಅದನ್ನು ದಾಳ ಹೇಳಬೇಕು.

ದಾಳ ಬಂದ ಮೇಲೆ ಲೆಕ್ಕ ಬರಲೇಬೇಕು. ಇತ್ತೀಚಿನ ವರ್ಷಗಳಲ್ಲಿ ಆ ಲೆಕ್ಕವನ್ನು ಗಣಕಯಂತ್ರದ ಕೈಗೆ ಕೊಡುವುದು ರೂಢಿಯಾಗಿದೆ. ಯಂತ್ರ ಅದನ್ನು ಹೇಗೆ ಮಾಡುತ್ತದೆ, ಅದರ ಮಾತನ್ನು ಎಷ್ಟು ನಂಬಬಹುದು ಎಂಬುದೇ ಈ ಲೇಖನದ ವಿಷಯ. ಹತ್ತನೆಯ ತರಗತಿಯ ಸಂಭವನೀಯತೆಯ ಪಾಠ ಓದಿದವರಿಗೆ ಇಲ್ಲಿ ಹೊಸ ಗಣಿತವೇನೂ ಇಲ್ಲ. ಓದದವರೂ ಭಿನ್ನರಾಶಿ ಬಲ್ಲವರಾದರೆ ಸಾಕು.

ಮೊದಲು ಸ್ವಲ್ಪ ಚರಿತ್ರೆ. 1824ರಲ್ಲಿ ಪ್ರಷ್ಯಾ ದೇಶದ ರೈಸ್‌ವಿಟ್ಸ್ ಎಂಬ ಸೈನ್ಯಾಧಿಕಾರಿ, ಅಧಿಕಾರಿಗಳ ತರಬೇತಿಗಾಗಿ ನಕ್ಷೆಯ ಮೇಲೆ ಆಡುವ ಯುದ್ಧದಾಟದ ನಿಯಮಗಳನ್ನು ಪ್ರಕಟಿಸಿದನು. ಗುಂಡು ತಾಗಿತೋ ಇಲ್ಲವೋ ಎಂಬುದನ್ನು ದಾಳ ಹಾಕಿ ತೀರ್ಮಾನಿಸುವ ಪದ್ಧತಿ ಅದರಲ್ಲಿತ್ತು. ಎರಡು ಪಕ್ಷಗಳ ನಡುವೆ ನಿಂತು ತೀರ್ಪು ಹೇಳುವ ಮಧ್ಯಸ್ಥನೂ ಇದ್ದನು. ಅಂಥ ಯುದ್ಧದಾಟಗಳೇ ಬೆಳೆದು, 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ‘ಡಂಜನ್ಸ್ ಆಂಡ್ ಡ್ರಾಗನ್ಸ್’ ಹೊರಬಂದಿತು. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ಅದರ ಕರ್ತೃಗಳು. ಒಂದು ಪೆಟ್ಟಿಗೆಯಲ್ಲಿ ಮೂರು ಕಿರುಪುಸ್ತಕಗಳು. ಮೊದಲ ಮುದ್ರಣ 1000 ಪ್ರತಿ. ಸೈನ್ಯದ ದಂಡುಗಳ ಬದಲು ಒಬ್ಬೊಬ್ಬ ಆಟಗಾರನಿಗೆ ಒಬ್ಬೊಬ್ಬ ವೀರ ಎಂಬುದೇ ಅದರ ಹೊಸತನ.

ಅದರ ದಾಳಗಳೂ ವಿಶೇಷವಾದವು. ಆರು ಮುಖದ ದಾಳವನ್ನು ನಾವೆಲ್ಲ ಬಲ್ಲೆವು. ಇದರಲ್ಲಿ 4, 6, 8, 12, 20 ಮುಖಗಳ ದಾಳಗಳಿವೆ. ಯೂಕ್ಲಿಡನ ಗ್ರಂಥದ ಹದಿಮೂರನೆಯ ಭಾಗದಲ್ಲಿ ಬರುವ ಐದು ಕ್ರಮಬದ್ಧ ಘನಾಕೃತಿಗಳು ಇವೇ. ಇಂಥ ಕ್ರಮಬದ್ಧ ಉಬ್ಬು ಘನಾಕೃತಿ ಆರನೆಯದು ಇರಲಾರದು. ಆ ದಾಳಗಳು ಆಟದವರಿಗೆ ಮೊದಲು ದೊರೆತದ್ದು ಎಲ್ಲಿ ಎಂದು ಕೇಳಿದರೆ ಗಣಿತದ ಅಧ್ಯಾಪಕರಿಗೆ ಸಂತೋಷವಾದೀತು: ಶಾಲೆಗಳಿಗೆ ಪಾಠೋಪಕರಣ ಮಾರುವವರ ಪಟ್ಟಿಯಲ್ಲಿ! (ಈಗಿನ ಪೆಟ್ಟಿಗೆಗಳಲ್ಲಿ ಹತ್ತು ಮುಖದ ದಾಳವೂ ಇರುತ್ತದೆ, ಅದು ಯೂಕ್ಲಿಡನ ಸಂತಾನವಲ್ಲ.)

ಇನ್ನು ರಕ್ಕಸರ ವಿಷಯ. ಇಂಗ್ಲಿಷಿನ ಮಾನ್‌ಸ್ಟರ್ ಎಂಬ ಮಾತಿಗೆ ಭೂತ ಎನ್ನೋಣವೆಂದರೆ ನಮ್ಮ ಸೀಮೆಯಲ್ಲಿ ಅದು ಸಲ್ಲದು. ನಮಗೆ ಭೂತವೆಂದರೆ ದೈವ, ಕೋಲ ಕಟ್ಟಿ ಕೈಮುಗಿಯುವ ಶಕ್ತಿ. ಆದ್ದರಿಂದ ರಕ್ಕಸ ಎಂದೇ ಇಟ್ಟುಕೊಂಡಿದ್ದೇನೆ. 1977ರಲ್ಲಿ ಈ ಆಟಕ್ಕಾಗಿ ರಕ್ಕಸರದ್ದೇ ಒಂದು ಕೋಶ, ‘ಮಾನ್‌ಸ್ಟರ್ ಮ್ಯಾನ್ಯುಯಲ್’, ಹೊರಬಂದಿತು. ಮುನ್ನೂರಕ್ಕೂ ಹೆಚ್ಚು ಜೀವಿಗಳ ವಿವರ ಅದರಲ್ಲಿದೆ. ಗ್ರೀಕರ ಪುರಾಣದಿಂದ ಕೆಲವು, ಯುರೋಪಿನ ಅಜ್ಜಿಕತೆಗಳಿಂದ ಕೆಲವು. ಹಾಂಗ್‌ಕಾಂಗಿನಲ್ಲಿ ತಯಾರಾದ ಅಗ್ಗದ ಪ್ಲಾಸ್ಟಿಕ್ ಗೊಂಬೆಗಳನ್ನು ನೋಡಿ ಗೈಗ್ಯಾಕ್ಸ್ ಕಲ್ಪಿಸಿಕೊಂಡವು ಕೆಲವು. ನಮ್ಮ ನಾಗ, ರಾಕ್ಷಸರೂ ಅಲ್ಲಿದ್ದಾರೆ. ರಾಕ್ಷಸನನ್ನು ಅವರು ಹುಲಿಯ ತಲೆಯ ಮನುಷ್ಯನಾಗಿ, ಕೈಯಲ್ಲಿ ಚುಂಗಾಣಿ ಕೊಟ್ಟು ಚಿತ್ರಿಸಿದ್ದಾರೆ. ಮಂತ್ರಿಸಿದ ಬಾಣ ತಾಗಿದರೆ ಸಾಯುತ್ತಾನಂತೆ. 1974ರ ಒಂದು ಅಮೆರಿಕನ್ ದೂರದರ್ಶನ ಧಾರಾವಾಹಿಯ ಕಂತು ಇದಕ್ಕೆ ಪ್ರೇರಣೆ. ಬಣ್ಣದ ವೇಷದ ಅಬ್ಬರ ಕಂಡು ಬೆಳೆದ ನಮ್ಮ ಮಕ್ಕಳು ಆ ಚಿತ್ರ ನೋಡಿದರೆ ನಕ್ಕಾರು.

ಆದರೆ ಲೆಕ್ಕದ ದೃಷ್ಟಿಯಿಂದ ಗೊಂಬೆಯಿಂದ ಬಂದವನಿಗೂ ಪುರಾಣದಿಂದ ಬಂದವನಿಗೂ ಭೇದವಿಲ್ಲ. ಪ್ರತಿಯೊಬ್ಬ ರಕ್ಕಸನೂ ನಾಲ್ಕು ಸಂಖ್ಯೆಗಳಾಗಿ ಬಂದು ನಿಲ್ಲುತ್ತಾನೆ. ಮೊದಲನೆಯದು ಜೀವಾಂಕ: ಎಷ್ಟು ಪೆಟ್ಟು ತಾಳಿಕೊಂಡಾನು ಎಂಬ ಅಳತೆ. ಎರಡನೆಯದು ರಕ್ಷಾಂಕ: ಅವನಿಗೆ ಪೆಟ್ಟು ತಾಗಿಸುವುದು ಎಷ್ಟು ಕಷ್ಟ ಎಂಬುದು. ಮೂರನೆಯದು ಅವನು ಹೊಡೆಯುವಾಗ ದಾಳಕ್ಕೆ ಕೂಡಿಸಿಕೊಳ್ಳುವ ಅಂಕ. ನಾಲ್ಕನೆಯದು ಪೆಟ್ಟು ತಾಗಿದರೆ ಆಗುವ ಹಾನಿ. (ಕನ್ನಡ ಹೆಸರುಗಳು ನಾನು ಇಟ್ಟವು.)

2014ರಲ್ಲಿ ಬಂದ ಈ ಆಟದ ಐದನೆಯ ಆವೃತ್ತಿಯಿಂದ ಇಬ್ಬರನ್ನು ತೆಗೆದುಕೊಳ್ಳೋಣ. ಒಬ್ಬ ಗಾಬ್ಲಿನ್: ಕುಳ್ಳ, ಕಪಟಿ. ಜೀವಾಂಕ 7, ರಕ್ಷಾಂಕ 15, ಕೂಡಿಸುವ ಅಂಕ 4, ಹಾನಿ ಆರು ಮುಖದ ಒಂದು ದಾಳದ ಮೇಲೆ 2. ಇನ್ನೊಬ್ಬ ಓಗರ್: ಗದೆ ಹಿಡಿದ ದಡ್ಡ ದೈತ್ಯ. ಜೀವಾಂಕ 59, ರಕ್ಷಾಂಕ 11, ಕೂಡಿಸುವ ಅಂಕ 6, ಹಾನಿ ಎಂಟು ಮುಖದ ಎರಡು ದಾಳಗಳ ಮೊತ್ತದ ಮೇಲೆ 4. ಗಾಬ್ಲಿನನ್ನು ಸೋಲಿಸಿದರೆ 50 ಅನುಭವಾಂಕ, ಓಗರನ್ನು ಸೋಲಿಸಿದರೆ 450. ಅಂದರೆ ಒಬ್ಬ ಓಗರ್ ಒಂಬತ್ತು ಗಾಬ್ಲಿನ್‌ಗಳಿಗೆ ಸಮ ಎಂಬಂತಾಯಿತು. ನಿಜವೇ? ನೋಡೋಣ.

ಹೊಡೆತದ ನಿಯಮ ಸರಳ. ಇಪ್ಪತ್ತು ಮುಖದ ದಾಳ ಹಾಕಬೇಕು, ಬಂದುದಕ್ಕೆ ತನ್ನ ಅಂಕ ಕೂಡಿಸಬೇಕು. ಮೊತ್ತ ಎದುರಾಳಿಯ ರಕ್ಷಾಂಕದಷ್ಟಾದರೂ ಆದರೆ ಪೆಟ್ಟು ತಾಗಿತು. ನಮ್ಮ ವೀರರ ರಕ್ಷಾಂಕ 15 ಎಂದಿಟ್ಟುಕೊಳ್ಳಿ. ಗಾಬ್ಲಿನ್‌ಗೆ ದಾಳದಲ್ಲಿ 11 ಅಥವಾ ಹೆಚ್ಚು ಬೇಕು: 20ರಲ್ಲಿ 10 ಮುಖ, ಅಂದರೆ ಅರ್ಧ. ಓಗರಿಗೆ 9 ಸಾಕು: 20ರಲ್ಲಿ 12 ಮುಖ, ನೂರಕ್ಕೆ 60. ಸೂತ್ರವಾಗಿ ಹೇಳುವುದಾದರೆ, 21ಕ್ಕೆ ಹೊಡೆಯುವವನ ಅಂಕ ಕೂಡಿಸಿ, ರಕ್ಷಾಂಕ ಕಳೆದು, 20ರಿಂದ ಭಾಗಿಸಿದರೆ ಸಂಭವ ದೊರೆಯುತ್ತದೆ. (20 ಬಿದ್ದರೆ ಖಂಡಿತ ತಾಗುತ್ತದೆ, ಹಾನಿಯ ದಾಳಗಳೂ ಇಮ್ಮಡಿ, 1 ಬಿದ್ದರೆ ಖಂಡಿತ ತಪ್ಪುತ್ತದೆ. ಲೆಕ್ಕ ಹಗುರವಾಗಲೆಂದು ಅವನ್ನು ಇಲ್ಲಿ ಬಿಟ್ಟಿದ್ದೇನೆ.)

ಹಾನಿಯ ಸರಾಸರಿಯೂ ಸುಲಭ. ಆರು ಮುಖದ ದಾಳದ ಸರಾಸರಿ ಮೂರೂವರೆ, ಎಂಟು ಮುಖದ್ದು ನಾಲ್ಕೂವರೆ. ಹಾಗಾಗಿ ಗಾಬ್ಲಿನ್ನಿನ ಪೆಟ್ಟು ಸರಾಸರಿ 5.5, ಓಗರಿನದು 13. ಎರಡು ದಾಳ ಕೂಡಿದಾಗ ಇನ್ನೊಂದು ಸಂಗತಿ ನಡೆಯುತ್ತದೆ. ಚೌಕಾಬಾರದಲ್ಲಿ ನಾಲ್ಕು ಕವಡೆ ಬಿಟ್ಟಾಗ ಎರಡು ಅಂಗಾತ ಎರಡು ಬೋರಲು ಬೀಳುವುದು ಹೆಚ್ಚು. ನಾಲ್ಕೂ ಒಂದೇ ಬಗೆಯಾಗಿ ಬೀಳುವುದು ಅಪರೂಪ. ಎರಡೂ ಮಗ್ಗುಲು ಸಮವೆಂದುಕೊಂಡರೆ 16 ರೀತಿಗಳಲ್ಲಿ 6 ರೀತಿ ಎರಡೆರಡಾಗಿ ಬೀಳುತ್ತವೆ, ನಾಲ್ಕೂ ಅಂಗಾತ ಬೀಳುವುದು ಒಂದೇ ರೀತಿ. ಓಗರಿನ ಗದೆಯೂ ಹಾಗೆಯೇ. ಎರಡು ದಾಳಗಳು 64 ರೀತಿ ಬೀಳಬಹುದು. ಮೊತ್ತ 9 ಆಗುವುದು 8 ರೀತಿ, 16 ಆಗುವುದು ಒಂದೇ ರೀತಿ.

ಈಗ ಯುದ್ಧ. ಒಂದು ಕಡೆ ನಾಲ್ಕು ಹೊಸ ವೀರರು, ಮೊದಲ ಮಟ್ಟದವರು. ಪ್ರತಿಯೊಬ್ಬನ ಜೀವಾಂಕ 12, ಕೂಡಿಸುವ ಅಂಕ 5, ಹಾನಿ ಎಂಟು ಮುಖದ ಒಂದು ದಾಳದ ಮೇಲೆ 3, ಅಂದರೆ ಸರಾಸರಿ 7.5. ಎದುರಿಗೆ ಓಗರ್ ಒಬ್ಬನೇ. ಅವನ ರಕ್ಷಾಂಕ 11 ಆದ್ದರಿಂದ ವೀರರ ಪೆಟ್ಟು ನೂರಕ್ಕೆ 75 ಸಲ ತಾಗುತ್ತದೆ. ನಾಲ್ವರೂ ಸೇರಿ ಒಂದು ಸುತ್ತಿನಲ್ಲಿ ಸರಾಸರಿ 22.5 ಹಾನಿ ಮಾಡುತ್ತಾರೆ. 59ನ್ನು ಮುಗಿಸಲು ಮೂರು ಸುತ್ತು ಬೇಕು.

ಆ ಮೂರು ಸುತ್ತುಗಳಲ್ಲಿ ಓಗರ್ ಸುಮ್ಮನಿರುವುದಿಲ್ಲ. ಅವನ ಒಂದು ಪೆಟ್ಟು 12 ಅಥವಾ ಅದಕ್ಕಿಂತ ಹೆಚ್ಚಾಗುವುದು 64ರಲ್ಲಿ 43 ರೀತಿ. ತಾಗುವ ಸಂಭವ ನೂರಕ್ಕೆ 60. ಎರಡನ್ನೂ ಗುಣಿಸಿದರೆ ನೂರಕ್ಕೆ 40. ಅಂದರೆ ಪ್ರತಿ ಸುತ್ತಿನಲ್ಲಿಯೂ, ಆರೋಗ್ಯವಾಗಿ ನಿಂತಿದ್ದ ಒಬ್ಬ ವೀರ ಒಂದೇ ಏಟಿಗೆ ನೆಲಕ್ಕೆ ಬೀಳುವ ಸಂಭವ ಐದರಲ್ಲಿ ಎರಡು. ಮೂರು ಸುತ್ತಿನಲ್ಲಿ ಒಮ್ಮೆಯೂ ಹಾಗಾಗದಿರುವ ಸಂಭವ ಐದರಲ್ಲಿ ಒಂದು ಮಾತ್ರ. (ನೆಲಕ್ಕೆ ಬಿದ್ದವನು ಕೂಡಲೇ ಸಾಯುವುದಿಲ್ಲ, ಗೆಳೆಯರು ಬದುಕಿಸಿಕೊಳ್ಳಲು ಅವಕಾಶವಿದೆ.) ಇಲ್ಲಿ ಗಮನಿಸಬೇಕಾದ ಮತ್ತೊಂದು ಮಾತು: ಓಗರಿನ 59ರಲ್ಲಿ 58 ಕಳೆದುಹೋಗಿದ್ದರೂ ಅವನ ಗದೆಯ ಬಲ ಎಳ್ಳಷ್ಟೂ ಕುಗ್ಗುವುದಿಲ್ಲ. ಕೊನೆಯ ಒಂದಂಕ ಇರುವವರೆಗೂ ಅವನು ಪೂರ್ಣ ಓಗರ್.

ನಾಲ್ಕು ಗಾಬ್ಲಿನ್‌ಗಳಾದರೆ ಕತೆ ಬೇರೆ. ನಾಲ್ಕು ಪೆಟ್ಟು, ಅರ್ಧ ತಾಗುತ್ತವೆ, ತಲಾ 5.5: ಮೊದಲ ಸುತ್ತಿಗೆ 11 ಹಾನಿ. ಓಗರಿನ ಸರಾಸರಿ, 13ರ ನೂರಕ್ಕೆ 60, ಅಂದರೆ 7.8. ಒಟ್ಟು 200 ಅನುಭವಾಂಕದ ಗುಂಪು 450ರ ಓಗರಿಗಿಂತ ಮೊದಲ ಸುತ್ತಿನಲ್ಲಿ ಜೋರಾಗಿ ಹೊಡೆಯಿತು! ಆದರೆ ಒಬ್ಬೊಬ್ಬ ಬಿದ್ದಂತೆ ಗುಂಪಿನ ಬಲ ಕುಗ್ಗುತ್ತದೆ. ನಮ್ಮ ವೀರರು ಸುತ್ತಿಗೆ ಸುಮಾರು ಇಬ್ಬರನ್ನು ಉರುಳಿಸುತ್ತಾರೆಂದು ಇಟ್ಟುಕೊಳ್ಳೋಣ. ಗಾಬ್ಲಿನ್‌ಗಳೇ ಮೊದಲು ಹೊಡೆದರೆ, ಮೊದಲ ಸುತ್ತಿನಲ್ಲಿ ನಾಲ್ವರು, ಎರಡನೆಯದರಲ್ಲಿ ಇಬ್ಬರು: 11 ಮತ್ತು 5.5 ಸೇರಿ 16.5. ವೀರರೇ ಮೊದಲು ಹೊಡೆದರೆ, ಉಳಿದ ಇಬ್ಬರು ಒಂದು ಸಲ ಹೊಡೆಯುತ್ತಾರೆ, ಅಷ್ಟೆ: 5.5. ಯಾರು ಮೊದಲು ಕೈ ಎತ್ತಿದರು ಎಂಬುದೊಂದರಿಂದಲೇ ಹಾನಿ ಮೂರು ಪಾಲಾಯಿತು. ಓಗರಿನ ವಿಷಯದಲ್ಲಿ ಇಷ್ಟು ದೊಡ್ಡ ಅಂತರ ಬರುವುದಿಲ್ಲ.

ಇಷ್ಟನ್ನು ಕಾಗದದ ಮೇಲೆ ಮಾಡಲು ಒಂದು ಸಂಜೆ ಸಾಕು. ಆದರೆ ಸೂತ್ರಧಾರನಾದವನು ಒಂದು ದಿನದ ಆಟಕ್ಕೆ ನಾಲ್ಕಾರು ಯುದ್ಧಗಳನ್ನು ಸಿದ್ಧಪಡಿಸಿಕೊಂಡಿರಬೇಕು. ವೀರರು ಯಾವ ದಾರಿ ಹಿಡಿಯುತ್ತಾರೋ ತಿಳಿಯದು. ಅದಕ್ಕಾಗಿಯೇ ಯಂತ್ರದ ಸಹಾಯ. ಇದು ತೀರ ಹೊಸದೂ ಅಲ್ಲ. 1988ರಲ್ಲಿಯೇ ಎಸ್.ಎಸ್.ಐ. ಎಂಬ ಕಂಪನಿ ‘ಡಂಜನ್ ಮಾಸ್ಟರ್ಸ್ ಅಸಿಸ್ಟೆಂಟ್’ ಎಂಬ ಗಣಕ ಕಾರ್ಯಕ್ರಮ ಮಾರಿತ್ತು. ಅಂದಿನ ಆಪಲ್, ಕಮೊಡೋರ್ ಯಂತ್ರಗಳ ಮೇಲೆ ಅದು ನಡೆಯುತ್ತಿತ್ತು. 2017ರಲ್ಲಿ ‘ಡಿ ಆಂಡ್ ಡಿ ಬಿಯಾಂಡ್’ ಎಂಬ ಅಂತರ್ಜಾಲದ ಸಾಧನ ಬಂದಿತು. 2022ರಲ್ಲಿ ಅದನ್ನು ಆಟಿಕೆಯ ದೊಡ್ಡ ಕಂಪನಿಯಾದ ಹಾಸ್ಬ್ರೊ ಕೊಂಡುಕೊಂಡಿತು. ಇಂಥ ಸಾಧನಗಳ ಕ್ರಮ ಹೆಚ್ಚುಕಡಿಮೆ ಒಂದೇ. ವೀರರು ಎಷ್ಟು ಮಂದಿ, ಯಾವ ಮಟ್ಟದವರು ಎಂದು ತುಂಬಬೇಕು. ಪಟ್ಟಿಯಿಂದ ರಕ್ಕಸರನ್ನು ಆರಿಸಬೇಕು. ಯಂತ್ರ ಒಂದು ಮಾತಿನಲ್ಲಿ ತೀರ್ಪು ಕೊಡುತ್ತದೆ: ಸುಲಭ, ಮಧ್ಯಮ, ಕಠಿಣ, ಮಾರಕ. ಆಟ ನಡೆಯುವಾಗ ಯಾರ ಸರದಿ, ಯಾರಿಗೆ ಎಷ್ಟು ಜೀವಾಂಕ ಉಳಿದಿದೆ ಎಂಬುದನ್ನು ನೆನಪಿಟ್ಟುಕೊಳ್ಳುವ ಸಾಧನಗಳೂ ಇವೆ. ಹೊಸ ರಕ್ಕಸನನ್ನು ನಾವೇ ರೂಪಿಸಿ ಸೇರಿಸಬಹುದು.

ಆ ಒಂದು ಮಾತಿನ ತೀರ್ಪು ಎಲ್ಲಿಂದ ಬರುತ್ತದೆ ಎಂಬುದನ್ನು ಮಕ್ಕಳು ಅವಶ್ಯವಾಗಿ ಕೇಳಬೇಕು. ಮೇಲಿನಂತೆ ಸುತ್ತು ಸುತ್ತಾಗಿ ಯುದ್ಧ ನಡೆಸಿ ನೋಡಿ ಯಂತ್ರ ಹೇಳುತ್ತದೆಂದು ಹಲವರು ಭಾವಿಸುತ್ತಾರೆ. ಸಾಮಾನ್ಯವಾಗಿ ಹಾಗಲ್ಲ, ಅದು ಪುಸ್ತಕದ ಒಂದು ಕೋಷ್ಟಕವನ್ನು ನೋಡುತ್ತದೆ. 2014ರ ನಿಯಮದಂತೆ ಮೊದಲ ಮಟ್ಟದ ಒಬ್ಬ ವೀರನಿಗೆ 25 ಅನುಭವಾಂಕ ಸುಲಭ, 50 ಮಧ್ಯಮ, 75 ಕಠಿಣ, 100 ಮಾರಕ. ನಾಲ್ವರಿಗೆ ಇವನ್ನು ನಾಲ್ಕರಿಂದ ಗುಣಿಸಬೇಕು. ರಕ್ಕಸರ ಅನುಭವಾಂಕ ಕೂಡಿಸಿ, ಅವರು ಇಬ್ಬರಿದ್ದರೆ ಒಂದೂವರೆಯಿಂದ, ಮೂವರಿಂದ ಆರು ಮಂದಿಯವರೆಗೆ ಇದ್ದರೆ 2ರಿಂದ ಗುಣಿಸಬೇಕು. ಗುಂಪು ಹೆಚ್ಚು ಪೆಟ್ಟು ಕೊಡುತ್ತದೆ ಎಂದು ನಾವು ಈಗತಾನೆ ಕಂಡೆವಲ್ಲ, ಅದಕ್ಕೆ ಈ ಗುಣಕ. ನಾಲ್ಕು ಗಾಬ್ಲಿನ್‌ಗಳು 200. ಎರಡರಿಂದ ಗುಣಿಸಿದರೆ 400. ತೀರ್ಪು: ಮಾರಕ.

2024ರಲ್ಲಿ ಸೂತ್ರಧಾರನ ಕೈಪಿಡಿ ಪರಿಷ್ಕಾರವಾಗಿ ಬಂದಿತು. ಅದರಲ್ಲಿ ಗುಣಕವನ್ನು ತೆಗೆದುಹಾಕಿದರು. ಮಟ್ಟಗಳನ್ನು ಕಡಿಮೆ, ಮಧ್ಯಮ, ಹೆಚ್ಚು ಎಂದು ಮೂರಕ್ಕಿಳಿಸಿದರು. ಮೊದಲ ಮಟ್ಟದ ವೀರನಿಗೆ 50 ಕಡಿಮೆ, 75 ಮಧ್ಯಮ, 100 ಹೆಚ್ಚು. ನಾಲ್ವರಿಗೆ 200 ಎಂದರೆ ಕಡಿಮೆ ಅಪಾಯ. ಅದೇ ನಾಲ್ಕು ಗಾಬ್ಲಿನ್‌ಗಳ ಮೊತ್ತ ಸರಿಯಾಗಿ 200!

ಒಂದು ಪುಸ್ತಕ ಮಾರಕ ಎಂದದ್ದನ್ನು ಇನ್ನೊಂದು ಪುಸ್ತಕ ಕಡಿಮೆ ಎನ್ನುತ್ತದೆ. ಗಾಬ್ಲಿನ್‌ಗಳು ಅದೇ ಕಾಡಿನಲ್ಲಿ ಅದೇ ಕತ್ತಿ ಹಿಡಿದು ಕುಳಿತಿವೆ. ಹೊಸ ನಿಯಮದಲ್ಲಿ ವೀರರ ಬಲ ಒಂದಿಷ್ಟು ಹೆಚ್ಚಿರುವುದು ನಿಜ. ಆದರೂ ಅಷ್ಟರಿಂದಲೇ ಈ ಅಂತರ ತುಂಬದು. ಯಂತ್ರಕ್ಕೆ ಯಾವ ಕೋಷ್ಟಕ ಕೊಟ್ಟರೋ ಅದನ್ನು ಅದು ಅದೇ ಗಾಂಭೀರ್ಯದಿಂದ ಒಪ್ಪಿಸುತ್ತದೆ. ಪರದೆಯ ಮೇಲೆ ಬಣ್ಣದ ಅಕ್ಷರದಲ್ಲಿ ಮೂಡಿದ ಮಾತಿಗೆ ತನ್ನದೇ ಆದ ಒಂದು ಗತ್ತು ಇರುತ್ತದೆ, ಅದನ್ನು ಕಂಡು ನಾವು ಪ್ರಶ್ನೆ ಮರೆಯುತ್ತೇವೆ. ನನ್ನ ಅಭಿಪ್ರಾಯದಲ್ಲಿ ಹಳೆಯ ಗುಣಕವೇ ಹೊಸಬರಿಗೆ ಹಿತ. ಅದು ಹೆದರಿಸುತ್ತದೆ ನಿಜ, ಆದರೆ ಗುಂಪು ಎಂದರೆ ಏನು ಎಂಬುದನ್ನು ಕಲಿಸುತ್ತದೆ.

ಇನ್ನು ಕೋಷ್ಟಕಕ್ಕೆ ಕಾಣದ ಸಂಗತಿಗಳು. ಹೊಸ ವೀರರಿಗೆ ಓಗರ್ ಹೆಚ್ಚಾದನೆಂದು ಸೂತ್ರಧಾರ ಅವನ ಗದೆಯ ಹಾನಿಯನ್ನು ಎರಡು ದಾಳದಿಂದ ಒಂದಕ್ಕೆ ಇಳಿಸಿದನೆನ್ನಿ. ಆಗ 12 ಮುಟ್ಟಲು ಎಂಟು ಮುಖದ ದಾಳದಲ್ಲಿ 8 ಬೀಳಲೇಬೇಕು. ಒಂದೇ ಏಟಿಗೆ ಬೀಳುವ ಸಂಭವ ನೂರಕ್ಕೆ 40ರಿಂದ ಏಳೂವರೆಗೆ ಇಳಿಯಿತು. ಆದರೆ ಅವನ 450 ಅನುಭವಾಂಕವನ್ನು ನಾವಾಗಿ ತಿದ್ದದಿದ್ದರೆ ಯಂತ್ರದ ತೀರ್ಪು ಹಾಗೆಯೇ ಇರುತ್ತದೆ. ಗಾಬ್ಲಿನ್‌ಗಳು ಬಯಲಿನಲ್ಲಿ ನಿಂತಿವೆಯೋ, ಮರದ ಮೇಲೆ ಬಿಲ್ಲು ಹಿಡಿದು ಕಾದಿವೆಯೋ ಎಂಬುದೂ ಕೋಷ್ಟಕಕ್ಕೆ ಗೊತ್ತಿಲ್ಲ. ವೀರರು ಹಿಂದಿನ ಹೋರಾಟದಲ್ಲಿ ಅರ್ಧ ಜೀವಾಂಕ ಕಳೆದುಕೊಂಡು ಬಂದಿದ್ದಾರೆ ಎಂಬುದೂ ಗೊತ್ತಿಲ್ಲ. ಐದನೆಯ ಆವೃತ್ತಿಯ ರಾಕ್ಷಸನನ್ನೇ ನೋಡಿ: ಜೀವಾಂಕ 110, ರಕ್ಷಾಂಕ 16. ತಾನಾಗಿ ಒಪ್ಪದ ಹೊರತು, ಆರನೆಯ ಮಟ್ಟದವರೆಗಿನ ಯಾವ ಮಂತ್ರವೂ ಅವನಿಗೆ ತಾಗದು. ಮಂತ್ರವಾದಿಗಳೇ ತುಂಬಿದ ತಂಡಕ್ಕೆ ಅವನು ಕಬ್ಬಿಣದ ಕಡಲೆ. ಮಂತ್ರಿಸಿದ ಬಾಣ ಹೊಂದಿದ ಸಜ್ಜನ ಬಿಲ್ಲುಗಾರನಿದ್ದರೆ ಪೆಟ್ಟು ಇಮ್ಮಡಿಯಾಗಿ ಬೇಗ ಮುಗಿಯುತ್ತಾನೆ. ಕೋಷ್ಟಕದಲ್ಲಿ ಮಾತ್ರ ಇಬ್ಬರಿಗೂ ಒಂದೇ ಅಂಕ.

ಎಲ್ಲಕ್ಕಿಂತ ಮುಖ್ಯ, ಮೇಜಿನ ಸುತ್ತ ಕುಳಿತವರು ಯಾರು ಎಂಬುದು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಮೂರು ತಿಂಗಳಿಂದ ತನ್ನ ಪಾತ್ರಕ್ಕೆ ಹೆಸರಿಟ್ಟು, ಊರು ಕಟ್ಟಿ, ತಮ್ಮನನ್ನು ಕಲ್ಪಿಸಿ ಆಡುತ್ತಿದ್ದರೆ, ಆ ಪಾತ್ರ ಅಕಸ್ಮಾತ್ ಒಂದು ದಾಳಕ್ಕೆ ಸತ್ತರೆ ಅವಳಿಗೆ ಆಗುವ ದುಃಖ ನಿಜವಾದದ್ದೇ. ಬುದ್ಧಿವಂತಿಕೆಯಿಂದ ಹೋರಾಡಿ ಸೋತರೆ ಅದೊಂದು ಕತೆಯಾಗುತ್ತದೆ, ವರ್ಷಗಟ್ಟಲೆ ಹೇಳಿಕೊಳ್ಳುತ್ತಾರೆ. ಸೂತ್ರಧಾರ ಲೆಕ್ಕ ನೋಡದೆ ಓಗರನ್ನು ತಂದು ನಿಲ್ಲಿಸಿದ್ದರಿಂದ ಸತ್ತರೆ ಅದು ಅನ್ಯಾಯ. ಗೆಳೆತನ ಕೆಡುತ್ತದೆ, ಆಟ ನಿಲ್ಲುತ್ತದೆ. ಹಾಗೆಂದು ಗೆದ್ದೇ ಗೆಲ್ಲುವಂತೆ ಸಿದ್ಧಪಡಿಸಿದರೆ ಎರಡನೆಯ ವಾರಕ್ಕೆ ಎಲ್ಲರೂ ಆಕಳಿಸುತ್ತಾರೆ. ಈ ಎರಡರ ನಡುವಿನ ಹದ ಹಿಡಿಯಲೆಂದೇ ರಕ್ಕಸನನ್ನು ಮೊದಲೇ ಅಳೆದಿಟ್ಟುಕೊಳ್ಳುವುದು. ಹಾಡುತ್ತಿರುವಾಗಲೇ ಸಭೆಯ ಮುಖ ನೋಡಿ ಪದ ಏರಿಸುವ, ಇಳಿಸುವ ಭಾಗವತರ ಕೆಲಸವನ್ನು ಯಾವ ಪಟ್ಟಿಯೂ ಮಾಡಿಕೊಡಲಾರದು.

ಹೆತ್ತವರಿಗೆ ಎರಡು ಮಾತು. 1980ರ ದಶಕದಲ್ಲಿ ಅಮೆರಿಕದಲ್ಲಿಯೂ ಈ ಆಟದ ಬಗ್ಗೆ ಹೆತ್ತವರಲ್ಲಿ ದೊಡ್ಡ ಭಯ ಹಬ್ಬಿತ್ತು. ಮಕ್ಕಳ ತಲೆ ಕೆಡುತ್ತದೆ, ಮಾಟ ಮಂತ್ರ ಕಲಿಯುತ್ತಾರೆ ಎಂದು. 1982ರಲ್ಲಿ ಆ ಭಯವನ್ನೇ ಕತೆಯಾಗಿಸಿ ಒಂದು ದೂರದರ್ಶನ ಚಲನಚಿತ್ರವೂ ಬಂದಿತ್ತು. ಆ ಗದ್ದಲ ಕಾಲಕ್ರಮದಲ್ಲಿ ತಣ್ಣಗಾಯಿತು. ಮಗು ಒಂಟಿಯಾಗಿ ಫೋನಿನಲ್ಲಿ ಆಡುವ ಆಟಕ್ಕೂ ನಾಲ್ವರು ಎದುರೆದುರು ಕುಳಿತು ಮಾತಾಡುವ ಆಟಕ್ಕೂ ವ್ಯತ್ಯಾಸವಿದೆ ಎಂಬುದನ್ನು ಗಮನಿಸಿದರೆ ಸಾಕು. ಹಣದ ವಿಷಯದಲ್ಲಿ ಮಾತ್ರ ಎಚ್ಚರವಿರಲಿ. ಅಂತರ್ಜಾಲದಲ್ಲಿ ಪುಸ್ತಕಗಳನ್ನು ಒಂದೊಂದಾಗಿ ಮಾರುತ್ತಾರೆ. ಅವು ಅಗ್ಗವಲ್ಲ, ಅವಶ್ಯವೂ ಅಲ್ಲ.

ಏಕೆಂದರೆ 2023ರ ಜನವರಿಯಲ್ಲಿ ಕಂಪನಿಯು ಐದನೆಯ ಆವೃತ್ತಿಯ ಮೂಲ ನಿಯಮಗಳ ಒಂದು ದೊಡ್ಡ ಭಾಗವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಮೂಲವನ್ನು ಸ್ಮರಿಸಿದರೆ ಯಾರು ಬೇಕಾದರೂ ಅದನ್ನು ಬಳಸಬಹುದು, ಬದಲಿಸಬಹುದು, ಅನುವಾದಿಸಬಹುದು. ಗಾಬ್ಲಿನ್, ಓಗರ್, ರಾಕ್ಷಸ ಮೂವರೂ ಅದರಲ್ಲಿದ್ದಾರೆ. ಫ್ರೆಂಚ್, ಜರ್ಮನ್, ಇಟಾಲಿಯನ್, ಸ್ಪ್ಯಾನಿಷ್ ಭಾಷೆಗಳಲ್ಲಿ ಅದನ್ನು ಅವರೇ ಒದಗಿಸಿದ್ದಾರೆ. ಕನ್ನಡಕ್ಕೆ ತರಲು ನಮಗೂ ಅನುಮತಿ ಇದ್ದೇ ಇದೆ. ಕೈ ಹಚ್ಚುವವರು ಬೇಕು. ಸಾಧನಗಳು ಇಂಗ್ಲಿಷಿನಲ್ಲಿದ್ದ ಮಾತ್ರಕ್ಕೆ ಆಟವೂ ಇಂಗ್ಲಿಷಿನಲ್ಲಿ ನಡೆಯಬೇಕೆಂದಿಲ್ಲ. ಓಗರ್ ಗದೆ ಬೀಸುವ ವರ್ಣನೆಯನ್ನು ಬಲಿಪರ ಹಾಡು ಕೇಳಿ ಬೆಳೆದ ಊರಿನ ಮಕ್ಕಳು ಇಂಗ್ಲಿಷಿನಲ್ಲಿ ಹುಡುಕುವ ಅಗತ್ಯವೇನು?

ಕೊನೆಯದಾಗಿ, ಈ ಸಾಧನವನ್ನು ನಾವೇ ಮಾಡಿಕೊಳ್ಳುವ ಬಗೆ. ಕೇರಳದ ಪ್ರೌಢಶಾಲೆಗಳ ಕಂಪ್ಯೂಟರ್ ಲ್ಯಾಬಿನಲ್ಲಿ ಲಿಬ್ರೆ ಆಫೀಸ್ ಕ್ಯಾಲ್ಕ್ ಇದೆ. ಮಾಹಿತಿ ತಂತ್ರಜ್ಞಾನದ ತರಗತಿಯಲ್ಲಿ ಅಂಕಪಟ್ಟಿ ಮಾಡಲು ಕಲಿತದ್ದು ಅದರಲ್ಲಿಯೇ. ಒಂದು ಸಾಲಿನಲ್ಲಿ ರಕ್ಕಸನ ಹೆಸರು, ಎಷ್ಟು ಮಂದಿ, ಜೀವಾಂಕ, ರಕ್ಷಾಂಕ, ಕೂಡಿಸುವ ಅಂಕ, ಹಾನಿಯ ದಾಳ ಎಷ್ಟು, ಅದರ ಮುಖ ಎಷ್ಟು, ಮೇಲೆ ಎಷ್ಟು ಎಂದು ಕನ್ನಡದಲ್ಲೇ ಬರೆಯಿರಿ. ಮುಂದಿನ ಕೋಣೆಯಲ್ಲಿ ತಾಗುವ ಸಂಭವದ ಸೂತ್ರ. ಅದರ ಪಕ್ಕದಲ್ಲಿ ಸರಾಸರಿ ಹಾನಿ: ಮುಖಗಳಿಗೆ 1 ಕೂಡಿಸಿ, 2ರಿಂದ ಭಾಗಿಸಿ, ದಾಳಗಳ ಸಂಖ್ಯೆಯಿಂದ ಗುಣಿಸಿ, ಮೇಲಿನ ಅಂಕ ಸೇರಿಸಬೇಕು. ಎರಡನ್ನೂ ಗುಣಿಸಿ, ರಕ್ಕಸರ ಸಂಖ್ಯೆಯಿಂದ ಮತ್ತೆ ಗುಣಿಸಿದರೆ ಒಂದು ಸುತ್ತಿನ ಹಾನಿ ಬಂತು. ವೀರರಿಗೂ ಹೀಗೆಯೇ ಒಂದು ಸಾಲು. ದಾಳ ಹಾಕಿಯೇ ನೋಡಬೇಕೆನ್ನುವವರಿಗೆ ರ‍್ಯಾಂಡ್‌ಬಿಟ್ವೀನ್ ಎಂಬ ಫಲನವಿದೆ; 1 ಮತ್ತು 20 ಎಂದು ಕೊಟ್ಟರೆ ಇಪ್ಪತ್ತು ಮುಖದ ದಾಳವಾಗಿ ಕೆಲಸ ಮಾಡುತ್ತದೆ. ಅದನ್ನು ಸಾವಿರ ಸಾಲಿಗೆ ಎಳೆದು ಬಿಟ್ಟರೆ ಸರಾಸರಿ ಎಂಬುದು ಎಷ್ಟು ಅಲುಗಾಡುತ್ತದೆ ಎಂದು ಕಣ್ಣಾರೆ ಕಾಣಬಹುದು.

ಸಾಲುಗಳು ಸಿದ್ಧವಾದ ಮೇಲೆ ಈ ಲೆಕ್ಕ ಮಾಡಿ ನೋಡಿ. ಮೂರನೆಯ ಮಟ್ಟದ ನಾಲ್ಕು ವೀರರ ಎದುರು ಒಬ್ಬ ಓಗರ್, ಅವನ ಹಿಂದೆ ಇಬ್ಬರು ಗಾಬ್ಲಿನ್. 2014ರ ಪುಸ್ತಕದಲ್ಲಿ ಆ ಮಟ್ಟದ ಒಬ್ಬನಿಗೆ ಮಿತಿಗಳು 75, 150, 225, 400. 2024ರಲ್ಲಿ 150, 225, 400. ಎರಡೂ ತೀರ್ಪುಗಳನ್ನು ಬರೆದಿಡಿ. ಅನಂತರ ವೀರರ ಜೀವಾಂಕ ತಲಾ 28, ಉಳಿದುದೆಲ್ಲ ಮೊದಲಿನಂತೆ ಎಂದುಕೊಂಡು ಸುತ್ತು ಸುತ್ತಾಗಿ ಯುದ್ಧ ನಡೆಸಿ. ಒಮ್ಮೆ ಎಲ್ಲರೂ ಮೊದಲು ಓಗರಿಗೆ ಹೊಡೆಯಲಿ, ಇನ್ನೊಮ್ಮೆ ಮೊದಲು ಗಾಬ್ಲಿನ್‌ಗಳಿಗೆ.